ಭೂರ್ಯಾನ ಹೊಸ್ತಿಲು

“ಏ ತಂಗಿ, ಎಲ್ಲಿಗೆ ಹೊಂಟಿ? ಇದು ನಮ್ಮ ಮನಿ!”

ಮುನ್ನಿ ಗಕ್ಕನೆ ನಿಂತಳು. ತಲೆಯ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ಕೊಡ. ಎದುರಿಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಕಣ್ಣರಳಿಸಿ ನೋಡುತ್ತಿದ್ದಳು. ಮುನ್ನಿಯ ಹಿಂದಿನಿಂದ ಭೂರ್ಯಾ ಮೂತಿ ತೂರಿಸಿ ಇಣುಕಿದ.

“ಅಯ್ಯ, ನಾಯೀನೂ ಕರ್ಕೊಂಡು ಬಂದೀ? ಇಬ್ರೂ ಊಟಕ್ಕ ಬಂದೀರೇನು?” ಆ ಹೆಂಗಸು, ಗಿರಿಜಾಬಾಯಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಿಮ್ಮದು ಬಾಜೂ ಖೋಲಿ, ಹೋಗವ್ವಾ!”

ಮುನ್ನಿಯ ಮುಖ ಬಿಸಿಯಾಯಿತು. ಅಂಬೇವಾಡಿಯ ಈ ಚಾಳಿನಲ್ಲಿ ಎಲ್ಲ ಖೋಲಿಗಳೂ ಒಂದೇ ಥರ. ಅದೇ ಹಸಿರು ಬಾಗಿಲು, ಅದೇ ಸಿಮೆಂಟಿನ ಕಟ್ಟೆ. ತಮ್ಮೂರು ಚಿಗಳ್ಳಿಯಲ್ಲಾದರೆ ಕಣ್ಣು ಮುಚ್ಚಿಕೊಂಡೇ ಮನೆ ಸೇರುತ್ತಿದ್ದಳು.

ಅಬ್ಬಾಗೆ ದಾಂಡೇಲಿಯ ಮಿಲ್ಲಿನಲ್ಲಿ ಕೆಲಸ ಸಿಕ್ಕಿತ್ತು. ಅದಕ್ಕೇ ಇವತ್ತು ಶೇಖಪ್ಪನ ಲಾರಿ ಹತ್ತಿ ಅಬ್ಬಾ, ಅಮ್ಮಾ, ದಾದಿಮಾ, ಮುನ್ನಿ, ಪಾತ್ರೆ ಪಗಡೆ, ಭೂರ್ಯಾ ಎಲ್ಲ ಒಟ್ಟಿಗೆ ಬಂದಿಳಿದಿದ್ದರು.

ಮಧ್ಯಾಹ್ನ ದಾದಿಮಾ ಕೈಕಾಲು ಮುಖ ತೊಳೆದು ವಜೂ ಮಾಡಿ, ಮೂಲೆಯಲ್ಲಿ ನಮಾಜಿನ ಹಾಸು ಜಾನಮಾಜ್ ಹಾಸಿದಳು. ನಮಾಜಿಗೆ ನಿಲ್ಲಬೇಕು, ಅಷ್ಟರಲ್ಲಿ ಭೂರ್ಯಾ ಬಾಲ ಆಡಿಸುತ್ತ ಒಳಗೆ ಬಂದ. ನೆಟ್ಟಗೆ ಹೋಗಿ ಜಾನಮಾಜಿನ ಮೇಲೇ ಕೂತ. ಕೂತು ಕಿವಿ ಕೆರೆದುಕೊಂಡ!

“ಯಾ ಅಲ್ಲಾ! ಹಡ್! ಹಡ್!”

ಮುನ್ನಿ ಅವನನ್ನು ಹೊರಗೆಳೆದಳು. ಅವನು ಮತ್ತೆ ಬಂದ. ಎಳೆದಳು. ಮತ್ತೆ ಬಂದ.

“ಊರಾಗ ಎಂದಾರ ಒಳಗ ಕಾಲಿಟ್ಟಿತ್ತೇನು ಇದು?” ದಾದಿಮಾ ಜಾನಮಾಜ್ ಒಗೆಯಲು ಬಕೆಟಿಗೆ ಹಾಕಿದಳು. “ಇರೂದೊಂದು ಖೋಲಿ. ಅಡಿಗಿ ಇಲ್ಲೇ, ನಮಾಜೂ ಇಲ್ಲೇ. ನಾಯಿ ಒಳಗ ಬಂದ್ರ ಹೆಂಗ, ಕಾಸಿಂ?”

ಅಬ್ಬಾ ತಲೆ ಕೆರೆದುಕೊಂಡ. “ಸಂಜೀಗೆ ಶೇಖಪ್ಪನ ಲಾರಿ ವಾಪಸ್ ಹೊಕ್ಕೈತಿ. ಅದ್ರಾಗ ಊರಿಗೆ ಕಳಿಸೂಣು. ಕಾಕಾ ನೋಡ್ಕೋತಾನ.”

“ಬ್ಯಾಡ ಅಬ್ಬಾ! ಅಂವ ನನ್ನ ಬಿಟ್ಟು ಉಣ್ಣೂದಿಲ್ಲ!”

ಅಬ್ಬಾ ಹಗ್ಗ ಹುಡುಕಲು ಎದ್ದ. ದಾದಿಮಾ ಭೂರ್ಯಾನ ಕಡೆ ನೋಡಲಿಲ್ಲ. ಮರಿಯಿದ್ದಾಗ ಅವನಿಗೆ ಬಟ್ಟೆಯಲ್ಲಿ ಅದ್ದಿ ಹಾಲು ಕುಡಿಸಿದವಳು ಅವಳೇ.

ಮುನ್ನಿ ಕಟ್ಟೆಯ ಮೇಲೆ ಕೂತು ಭೂರ್ಯಾನ ಕುತ್ತಿಗೆ ತಬ್ಬಿಕೊಂಡಳು.

“ಏನವ್ವಾ, ನಿನ್ನಂಗ ಅದಕ್ಕೂ ಮನಿ ತಿಳೀವಲ್ದಂತಲ್ಲ?” ಗಿರಿಜಾಬಾಯಿ ನಗುತ್ತ ಒಂದು ರೊಟ್ಟಿ ಚೂರು ಎಸೆದಳು.

ಮುನ್ನಿಗೆ ಸಿಟ್ಟು ಬಂತು. ಅವನಿಗೆ ತಿಳಿಯುವುದಿಲ್ಲವೇ? ಊರಲ್ಲಿ ದಪ್ಪ ಸಾಗವಾನಿ ಹೊಸ್ತಿಲಿತ್ತು. ದಾದಿಮಾ ಕೋಲಿನಿಂದ ಅದನ್ನು ಟಕ್ ಟಕ್ ಬಡಿದು ಕಲಿಸಿದ್ದಳು. ಅವತ್ತಿನಿಂದ ಭೂರ್ಯಾ ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗುತ್ತಿದ್ದ, ಒಂದು ಉಗುರೂ ಒಳಗಿಡುತ್ತಿರಲಿಲ್ಲ.

ಮುನ್ನಿ ತಿರುಗಿ ನೋಡಿದಳು. ಕಟ್ಟೆಯ ಸಿಮೆಂಟು ಹಾಗೇ ನುಣ್ಣಗೆ ಒಳಗೆ ಹೋಗಿತ್ತು. ಮಧ್ಯೆ ಹೊಸ್ತಿಲೇ ಇರಲಿಲ್ಲ!

ಅವಳು ಒಂದೇ ಉಸಿರಿಗೆ ಲಾರಿಯ ಹತ್ತಿರ ಓಡಿದಳು. “ಮಾಮಾ, ಸಾಮಾನ ಕಟ್ಟಿದ್ದ ಆ ಬಿದಿರಿನ ಗಳ ನನಗ ಕೊಡ್ರಿ!”

“ಯಾಕ, ನನ್ನ ಹೊಡೀತೀ ಏನು?” ಎನ್ನುತ್ತ ಶೇಖಪ್ಪ ಬಾಗಿಲಿನ ಅಳತೆಗೆ ಗಳ ಕಡಿದುಕೊಟ್ಟ.

ಮುನ್ನಿ ಅದನ್ನು ಬಾಗಿಲಿಗೆ ಅಡ್ಡ ಇಟ್ಟು, ಎರಡೂ ತುದಿಗೆ ಇಟ್ಟಿಗೆ ಒತ್ತಿದಳು. ದಾದಿಮಾಳ ಕೋಲು ತಂದು ಭೂರ್ಯಾನ ಎದುರೇ ಬಡಿದಳು. ಟಕ್ ಟಕ್.

“ಅದರ ಮ್ಯಾಲೆ ನಾ ಎಡವಿ ಬೀಳ್ಬೇಕನ?” ದಾದಿಮಾ ಗೊಣಗಿದಳು. “ನಡಿ, ಶೇಖಪ್ಪ ಕಾಯಾಕತ್ಯಾನ.”

ಅಬ್ಬಾ ಭೂರ್ಯಾನ ಕೊರಳಿಗೆ ಹಗ್ಗ ಹಾಕಿ ಕರೆದೊಯ್ದ. ಇನ್ನೇನು ಲಾರಿಗೆ ಎತ್ತಬೇಕು, ಆಗ ಮಿಲ್ಲಿನ ಭೋಂಗಾ ಕೂಗಿತು. ಭೋಂ ಎಂದು ಇಡೀ ಚಾಳೇ ನಡುಗುವ ಹಾಗೆ!

ಅಂಥ ಸದ್ದನ್ನು ಭೂರ್ಯಾ ಎಂದೂ ಕೇಳಿರಲಿಲ್ಲ. ಅಬ್ಬಾನ ಕೈಯಿಂದ ಹಗ್ಗ ಕಿತ್ತುಕೊಂಡು, ಬಾಲ ಕಾಲೊಳಗೆ ಮಡಚಿ ಮನೆಯ ಕಡೆ ಓಟ ಕಿತ್ತ.

ಒಳಗೆ ದಾದಿಮಾ ಒಗೆದು ಒಣಗಿಸಿದ ಜಾನಮಾಜ್ ಹಾಸುತ್ತಿದ್ದಳು.

“ಭೂರ್ಯಾ! ಬ್ಯಾಡೋ!” ಮುನ್ನಿ ಚೀರಿದಳು.

ಭೂರ್ಯಾನ ಉಗುರು ಸಿಮೆಂಟಿನ ಮೇಲೆ ಕರ್‍ರ್ ಎಂದು ಜಾರಿತು. ಮೂಗು ಗಳಕ್ಕೆ ತಾಗಿತು. ಅವನು ನಿಂತ. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಆದರೂ ನಿಂತ. ಮೆಲ್ಲಗೆ ಕುಸಿದು, ಬಿದಿರಿನ ಮೇಲೆ ಗದ್ದ ಇಟ್ಟ.

ದಾದಿಮಾ ಸುಮಾರು ಹೊತ್ತು ಅವನನ್ನೇ ನೋಡಿದಳು.

“ಶೇಖಪ್ಪಾ,” ಎಂದು ಒಳಗಿನಿಂದಲೇ ಕೂಗಿದಳು, “ನೀ ಹೋಗಪಾ. ಲಾರಿ ಖಾಲೀನ ಹೋಗ್ಲಿ.”

ಮಬ್ಬಾಗುವ ಹೊತ್ತಿಗೆ ಮುನ್ನಿ ನಳದಿಂದ ನೀರು ಹೊತ್ತು ಬರುತ್ತಿದ್ದಳು. ಸಾಲಾಗಿ ಅದೇ ಹಸಿರು ಬಾಗಿಲುಗಳು. ಗಿರಿಜಾಬಾಯಿ ಕಟ್ಟೆಯ ಮೇಲೆ ಕೂತು, ಈ ಸಲ ಎಲ್ಲಿಗೆ ನುಗ್ಗುತ್ತಾಳೋ ಎಂದು ನಗುತ್ತ ಕಾಯುತ್ತಿದ್ದಳು.

ದೂರದಲ್ಲಿ, ಒಂದು ಬಾಗಿಲಲ್ಲಿ ಮಾತ್ರ, ನೆಲದ ಹತ್ತಿರ ಎರಡು ಕಣ್ಣು ಮಿಣುಕುತ್ತಿದ್ದವು.

ಮುನ್ನಿ ನೆಟ್ಟಗೆ ನಡೆದಳು. ಕೊಡ ತುಳುಕದ ಹಾಗೆ ಕಾಲೆತ್ತಿ, ಭೂರ್ಯಾನನ್ನೂ ಬಿದಿರನ್ನೂ ದಾಟಿ, ಮನೆಯೊಳಗೆ ಹೋದಳು.