ಯಾಸ್ನಾ ಹೇಳಿದ್ದು, ಬೊಗ್ದಾನ್ ಹೇಳಿದ್ದು

ನೊವಿ ಸಾದ್‌ನ ಕಾಲೇಜೊಂದರಲ್ಲಿ ಯಾಸ್ನಾ ಭಾಷಣ ಮುಗಿಸಿ ವೇದಿಕೆ ಇಳಿದಾಗ ಬೊಗ್ದಾನ್ ಮೆಟ್ಟಿಲ ಪಕ್ಕ ನಿಂತಿದ್ದ. ಮುಂದಿನ ಸರದಿ ಅವನದು.

"ಮೆಣಸಿನಕಾಯಿ ಸುಡೋ ವಾಸನೆ ವರ್ಣಿಸಿ ಮಕ್ಕಳ ಬಾಯಲ್ಲಿ ನೀರೂರಿಸಿಬಿಟ್ಟೆ. ಇನ್ನು ನನ್ನ ಮಾತು ಯಾರು ಕೇಳ್ತಾರೆ?"

"ಹೋಗೋ, ಹೋಗಿ ನಿನ್ನ ಸೈಕಲ್ ತುಳಿ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಒಂಚೂರು ಹೆಚ್ಚೇ ಕಿರಿದಾಗುತ್ತಿತ್ತು. ಅದನ್ನು ನೋಡದವಳಂತೆ ನಟಿಸುವುದು ಯಾಸ್ನಾಗೆ ಈಚೆಗೆ ಕಷ್ಟವಾಗುತ್ತಿತ್ತು.

ಆ ಚಳಿಗಾಲವೆಲ್ಲ ಇಬ್ಬರಿಗೂ ಇದೇ ಬದುಕು. ಲಾಭದ ಜೊತೆ ನಾಲ್ಕು ಜನರ ಬಾಳನ್ನೂ ನೋಡುವ ವ್ಯಾಪಾರ ಹೇಗೆಂದು ವಿದ್ಯಾರ್ಥಿಗಳಿಗೆ ಹೇಳಲು ಸಂಸ್ಥೆಯೊಂದು ಅವರನ್ನು ಊರೂರಿಗೆ ಕಳಿಸುತ್ತಿತ್ತು. ಯಾಸ್ನಾ ಲೆಸ್ಕೊವಾತ್ಸ್‌ನಲ್ಲಿ ಕಿವಿ ಕೇಳದ ಹೆಂಗಸರನ್ನು ಸೇರಿಸಿಕೊಂಡು ಸುಟ್ಟ ಮೆಣಸಿನಕಾಯಿಯ ಚಟ್ನಿ ಐವಾರ್ ಮಾಡಿ, ಬಾಟಲಿಗೆ ತುಂಬಿ ಮಾರುತ್ತಿದ್ದಳು. ಬೊಗ್ದಾನ್ ಜೈಲಿನಿಂದ ಬಂದವರಿಗೆ ಕೆಲಸ ಕಲಿಸಿ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿದ್ದ. ಬಸ್ಸು, ರೈಲು, ಅಗ್ಗದ ಹೋಟೆಲು, ಬೇಕರಿಯಿಂದ ಕಟ್ಟಿಸಿಕೊಂಡು ಆರಿಹೋದ ಬುರೆಕ್ ತಿಂಡಿ. ಒಬ್ಬರ ಭಾಷಣ ಇನ್ನೊಬ್ಬರಿಗೆ ಬಾಯಿಪಾಠ.

ಅಂದು ಸಂಜೆ ಬೆಲ್‌ಗ್ರೇಡಿನ ರೈಲಿನಲ್ಲಿ ಅವನು ಕೇಳಿದ: "ವೇದಿಕೆ ಮೇಲೆ ಹೇಳದೇ ಇರೋದು ಏನಾದ್ರೂ ಇದೆಯಾ ನಿನ್ನ ಹತ್ರ?"

ಇತ್ತು. ಮೊದಲ ಸಲ ಬಾಯಿಬಿಟ್ಟು ಹೇಳಿದಳು, ತನ್ನ ಐವಾರ್ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ತಂಗಿ ಮಿಲ್ಕಾಳ ಕಥೆ. ಕಾರ್ಖಾನೆ ನಷ್ಟದಲ್ಲಿದ್ದಾಗ ಯಾರನ್ನಾದರೂ ಕೆಲಸದಿಂದ ತೆಗೆಯಲೇಬೇಕಿತ್ತು. ಕಿವಿ ಕೇಳದ ಉಳಿದವರಿಗೆ ಬೇರೆಲ್ಲೂ ಕೆಲಸ ಸಿಗುವುದಿಲ್ಲವೆಂದು ಯಾಸ್ನಾ ತಂಗಿಯನ್ನೇ ತೆಗೆದಳು. ಮಿಲ್ಕಾ ವಿಯೆನ್ನಾಕ್ಕೆ ಹೋಗಿ ಮುದುಕರ ಆರೈಕೆಗೆ ಸೇರಿಕೊಂಡಳು. ಅಮ್ಮ ಸತ್ತಾಗ ಬಂದವಳು ಸಮಾಧಿಯ ಆಚೆ ಬದಿಯಲ್ಲೇ ನಿಂತಿದ್ದು, ಅಕ್ಕನ ಮುಖ ನೋಡದೆ ಹೊರಟುಹೋದಳು.

ಸಮಾಧಿಯ ಮಾತು ಬಂದಾಗ ಯಾಸ್ನಾಗೆ ಅಳು ತಡೆಯಲಾಗಲಿಲ್ಲ. ತಣ್ಣಗಾಗಿದ್ದ ಅವಳ ಕೈಯನ್ನು ಬೊಗ್ದಾನ್ ತನ್ನ ಕೋಟಿನ ಜೇಬಿನೊಳಗೆ ಹಾಕಿಕೊಂಡು, ಇಳಿಯುವವರೆಗೂ ಹಿಡಿದೇ ಕೂತ. ಅಷ್ಟು ಸಾಕಿತ್ತು. ಅವಳು ಮನಸೋತಳು.

ಕೆಲವು ವಾರಗಳ ನಂತರ ಕ್ರಾಗುಯೆವಾತ್ಸ್‌ನಲ್ಲಿ ಭಾಷಣ ಅವನದೊಂದೇ. ಅವನಿಗೆ ಹೇಳದೆ ಯಾಸ್ನಾ ಬಂದು, ಕೊನೆಯ ಸಾಲಿನಲ್ಲಿ ನಗುತ್ತ ಕೂತಳು.

"ನನಗೊಬ್ಬಳು ಗೆಳತಿ ಇದ್ದಾಳೆ," ಎಂದು ಶುರುಮಾಡಿದ ಬೊಗ್ದಾನ್. "ಕಾರ್ಖಾನೆ ಉಳಿಸೋಕೆ ಸ್ವಂತ ತಂಗಿಯನ್ನೇ ಹೊರಗೆ ಕಳಿಸಿದಳು..."

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಹೊರಗೆ ಅವಳನ್ನು ಕಂಡು ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು.

"ಹೆಸರು ಹೇಳಲಿಲ್ಲ ಕಣೇ. ನಿನ್ನನ್ನ ಹೊಗಳಿದ್ದು ನಾನು!"

"ರೈಲಲ್ಲಿ ಸಮಾಧಿಯ ಮಾತಿಗೆ ನಾನು ಅತ್ತೆನಲ್ಲ, ಅದೇ ಜಾಗದಲ್ಲಿ ನೀನು ಮಾತು ನಿಲ್ಲಿಸಿ ನೀರು ಕುಡಿದೆ ಬೊಗ್ದಾನ್. ಅವರು ಕಣ್ಣೊರೆಸಿಕೊಳ್ಳಲಿ ಅಂತ ಕಾದೆ. ಇದೇ ಮೊದಲಾ?"

ಅವನು ನೆಲ ನೋಡಿದ. "ಉಜಿತ್ಸೆ ಕಾಲೇಜಲ್ಲೂ ಹೇಳಿದ್ದೆ."

ಬಸ್ ನಿಲ್ದಾಣದವರೆಗೂ ಅವಳ ಹಿಂದೆಯೇ ಬಂದ. ಕೋಟು ಒಳಗೇ ಬಿಟ್ಟು ಬಂದಿದ್ದ. "ಜನರ ಮುಂದೆ ಮಾತಾಡಿ ಮಾತಾಡಿ, ಯಾವುದನ್ನ ಒಳಗಿಟ್ಕೋಬೇಕು ಅನ್ನೋದೇ ಮರೆತುಹೋಗಿದೆ ಯಾಸ್ನಾ. ಆದರೆ ನಾನು ನಿನ್ನ ಪ್ರೀತಿಸ್ತೀನಿ. ಇದನ್ನ ಯಾರ ಮುಂದೂ ಹೇಳಿಲ್ಲ."

ಕೊನೆಯ ಮಾತಿಗೆ ದನಿ ತಗ್ಗಿಸಿದ, ವೇದಿಕೆಯ ಮೇಲೆ ತಗ್ಗಿಸುವ ಹಾಗೆಯೇ. ನಿಜವೇ ಇರಬಹುದು. ಅವಳಿಗೆ ಹೇಗೆ ಗೊತ್ತಾಗಬೇಕು?

"ಚೆನ್ನಾಗಿ ಹೇಳಿದೆ," ಎಂದು ಅವಳು ಬಸ್ಸು ಹತ್ತಿದಳು.

ಮರುದಿನ ಚಾಚಕ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಈ ದಾರಿಯಲ್ಲಿ ನೀವು ಕಳ್ಕೊಂಡಿದ್ದೇನು ಮೇಡಂ?"

"ಒಂದಿಷ್ಟು ನಿದ್ದೆ," ಎಂದಳು ಯಾಸ್ನಾ.

ಎಲ್ಲರೂ ನಕ್ಕರು.