ಹಳದಿ ಗೆರೆಯ ಹಿಂದೆ

ಮಧ್ಯಾಹ್ನದ ಅತಿಥಿಗಳ ಪಟ್ಟಿಯಲ್ಲಿ ಕೊನೆಯ ಹೆಸರು ಓದುತ್ತಲೇ ಅವಳು ತಟ್ಟನೆ ತಲೆಯೆತ್ತಿದಳು.

ಅವಳ ಗಂಡ!

ಐದು ತಿಂಗಳಿಂದ ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. ಈಗ ನೋಡಿದರೆ ಹೆಲ್ಮೆಟ್ ಜೋಡಿಸಿಟ್ಟ ಮೇಜಿನ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದಾನೆ. ಜೇಬಿನಿಂದ ಒಂದು ಕಂದು ಲಕೋಟೆ ಇಣುಕುತ್ತಿದೆ.

ಆ ಲಕೋಟೆ ಕಂಡು ಅವಳಿಗೆ ಅನ್ನಿಸಿದ್ದು ಒಂದೇ. 'ವಿಚ್ಛೇದನದ ಕಾಗದ... ಕೈಯಾರೆ ಕೊಡೋಕೇ ಬಂದಿದ್ದಾರೆ.'

ಅವಳು ಈ ರೇಸ್ ಟ್ರ್ಯಾಕಿನ ಕೋಚ್. ವೇಗದ ಕಾರನ್ನು ಒಂದು ದಿನವಾದರೂ ಓಡಿಸಬೇಕೆಂದು ಆಸೆಪಟ್ಟು ಬರುವವರ ಪಕ್ಕದಲ್ಲಿ ಕೂತು ಹೇಳಿಕೊಡುವುದು ಅವಳ ಕೆಲಸ. ಅವನು ಲಿಫ್ಟ್ ಇನ್‌ಸ್ಪೆಕ್ಟರ್. ಸ್ವತಃ ಹತ್ತಿ ಇಳಿಯದೆ ಯಾವ ಲಿಫ್ಟಿಗೂ ಸಹಿ ಹಾಕಿದವನಲ್ಲ. ಖಾಲಿ ರಸ್ತೆಯಲ್ಲೂ ನಲವತ್ತು ದಾಟಿದವನಲ್ಲ. ಕಳೆದ ವರ್ಷ ಅವನ ಹುಟ್ಟುಹಬ್ಬಕ್ಕೆ ಇಲ್ಲಿನ ಒಂದು ದಿನದ ಕೂಪನ್ ಅವಳೇ ಕೊಟ್ಟಿದ್ದಳು. ಅದನ್ನವನು ಬೀರುವಿನಲ್ಲಿ ಬಟ್ಟೆಯಡಿ ಬಚ್ಚಿಟ್ಟಿದ್ದ. ಅದರ ಕೊನೆಯ ದಿನಾಂಕ ಇವತ್ತು.

ಇವತ್ತಿಗೇ ಮುಗಿಯುವುದು ಇನ್ನೊಂದಿತ್ತು.

ಐದು ತಿಂಗಳ ಹಿಂದಿನ ಮಾತು. ಅತಿಥಿಗಳು ತಾವೇ ಓಡಿಸಿದ ಮೇಲೆ ಕಡೆಯಲ್ಲಿ ಸೀಟು ಅದಲುಬದಲಾಗುತ್ತದೆ. ಕೋಚ್ ಓಡಿಸುವ ವೇಗದ ಸುತ್ತಿಗೆ ಅತಿಥಿ ಪಕ್ಕದಲ್ಲಿ ಕೂರುತ್ತಾರೆ. ಆ ಪಕ್ಕದ ಸೀಟಿನ ಕಾಲ ಬಳಿ ಕೋಚ್‌ಗಾಗಿ ಇಟ್ಟ ಇನ್ನೊಂದು ಬ್ರೇಕ್ ಇದೆ. ಅವತ್ತು ಒಬ್ಬ ಅತಿಥಿ ನಾಲ್ಕನೇ ತಿರುವಿನ ನಡುವೆ ಹೆದರಿ ಅದನ್ನು ಒತ್ತಿಬಿಟ್ಟ. ಕಾರು ಗಿರ್ರನೆ ತಿರುಗಿ ಟೈರುಗಳ ಗೋಡೆಗೆ ಬಡಿಯಿತು. ಅತಿಥಿಗೆ ಏನೂ ಆಗಲಿಲ್ಲ. ಅವಳ ಮಣಿಕಟ್ಟು ಮುರಿಯಿತು.

ಆಸ್ಪತ್ರೆಗೆ ಓಡಿ ಬಂದ ಗಂಡ ಹೇಳಿದ್ದು ಒಂದೇ ಮಾತು. "ಈ ಕೆಲಸ ಬಿಟ್ಟುಬಿಡು."

ನೋವಿನಲ್ಲಿದ್ದವಳು ತಿರುಗಿ ಹೇಳಿದ್ದಳು. "ಆ ಮನುಷ್ಯ ಬ್ರೇಕ್ ಒತ್ತಿದ್ದು ಒಂದೇ ಸಲ. ನೀವು ದಿನಾ ಒತ್ತುತ್ತೀರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಸ್ಪತ್ರೆಯಿಂದ ಅವಳು ನೇರ ಅಕ್ಕನ ಮನೆಗೆ ಹೋದಳು. ಅವನು ತಡೆಯಲಿಲ್ಲ. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಕೈ ಕೂಡಿಕೊಂಡ ಮೇಲೆ ಕೆಲಸಕ್ಕೆ ಬಂದಾಗ ಕಂಪನಿ ಒಂದು ಪತ್ರ ಕೊಟ್ಟಿತು. ಅಪಘಾತವಾದ ಕೋಚ್ ವೇಗದ ಸುತ್ತು ಓಡಿಸುವುದನ್ನು ಮುಂದುವರಿಸಬೇಕಾದರೆ, ಅಪಾಯ ನಮಗೆ ಗೊತ್ತಿದೆ ಎಂದು ಮನೆಯವರೊಬ್ಬರು ಸಹಿ ಹಾಕಬೇಕು. ಅಲ್ಲಿಯವರೆಗೆ ನಾಲ್ಕು ತಿಂಗಳ ತಾತ್ಕಾಲಿಕ ಅನುಮತಿ. ಇವತ್ತು ಸಂಜೆ ಐದಕ್ಕೆ ಅದು ಮುಗಿದರೆ ನಾಳೆಯಿಂದ ಅವಳು ಬುಕಿಂಗ್ ಕೌಂಟರಿನಲ್ಲಿ.

ಕೊಡೇ, ನಾನೇ ಹಾಕ್ತೀನಿ ಎಂದು ಅಕ್ಕ ಎಷ್ಟೋ ಸಲ ಅಂದಿದ್ದಳು. ಅಕ್ಕನ ಸಹಿ ಕಂಪನಿಗೆ ಸಾಕಾಗಿತ್ತು, ಅವಳಿಗೆ ಸಾಕಾಗಿರಲಿಲ್ಲ. ಪತ್ರವನ್ನು ಗಂಡನಿಗೆ ಅಂಚೆಯಲ್ಲಿ ಕಳಿಸಿದಳು. ಉತ್ತರ ಬರಲಿಲ್ಲ.

ಈಗ ಬಂದಿರುವ ಉತ್ತರ ಇದೇ ಇರಬೇಕು, ಕಂದು ಬಣ್ಣದ್ದು.

"ಹೆಲ್ಮೆಟ್ ಸರಿಯಾಗಿ ಕೂತಿದೆಯಾ ಸರ್?" ಎಂದು ಕೇಳಿದಳು. ಗಂಡನಿಗೆ 'ಸರ್' ಎಂದದ್ದು ಇದೇ ಮೊದಲು.

"ಕೂತಿದೆ ಮೇಡಂ" ಎಂದ ಅವನು. ಹೆಲ್ಮೆಟ್ಟಿನ ಪಟ್ಟಿಯನ್ನು ಮತ್ತೊಮ್ಮೆ ಎಳೆದು ನೋಡಿದ.

ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಮೊಣಕೈ ತುಸು ಮಡಚುವಷ್ಟು ಸೀಟು ಮುಂದೆ ಎಳೆಸಿ, ಬೆಲ್ಟು ಬಿಗಿದಳು. ಹತ್ತಿರ ಬಾಗಿದಾಗ ಅದೇ ಹಳೆಯ ಸಾಬೂನಿನ ವಾಸನೆ. ಅವಳು ಬೇಗ ಹಿಂದೆ ಸರಿದು ಪಾಠ ಶುರುಮಾಡಿದಳು. ನೇರ ರಸ್ತೆಯ ಕೊನೆಗೆ ಮೂರು ಫಲಕ ಬರುತ್ತವೆ. ನೂರೈವತ್ತು, ನೂರು, ಐವತ್ತು. ತಿರುವಿಗೆ ಎಷ್ಟು ಮೀಟರ್ ಉಳಿದಿದೆ ಎಂಬ ಲೆಕ್ಕ ಅದು. ಬ್ರೇಕ್ ಒತ್ತುವುದು ನೂರರ ಬಳಿ. ಕಣ್ಣು ಗೋಡೆಯ ಮೇಲಿರಬಾರದು, ಹೋಗಬೇಕಾದ ಕಡೆ ಇರಬೇಕು. ಕಣ್ಣು ಹೋದಲ್ಲಿಗೇ ಕಾರೂ ಹೋಗುತ್ತದೆ.

ಮೊದಲ ಸುತ್ತಿನಲ್ಲಿ ಅವನು ನೂರೈವತ್ತಕ್ಕೂ ಮೊದಲೇ ಬ್ರೇಕ್ ಒತ್ತಿದ. ಹಿಂದಿದ್ದ ಕೆಂಪು ಕಾರು ಕನಿಕರಪಟ್ಟಂತೆ ಪಕ್ಕಕ್ಕೆ ಸರಿದು ಮುಂದೆ ಹೋಯಿತು. ಎರಡನೆಯದರಲ್ಲಿ ಸ್ವಲ್ಪ ಧೈರ್ಯ ಬಂತು. ಮೂರನೇ ಸುತ್ತಿಗೆ ಅವನು ತುಟಿ ಕಚ್ಚಿ, ಆಕ್ಸಿಲರೇಟರ್ ಮೇಲೆ ಕಾಲನ್ನು ಪೂರ್ತಿ ಊರಿದ.

ನಾಲ್ಕನೇ ತಿರುವು ಹತ್ತಿರವಾಯಿತು. ಆಚೆಗೆ ಟೈರುಗಳ ಗೋಡೆ. ನೂರೈವತ್ತರ ಫಲಕ ಕಳೆಯಿತು.

'ಒತ್ತಿ... ಒತ್ತಿ ಅಂದ್ರೆ!'

ಅವಳ ಕಾಲು ತಾನಾಗಿ ತನ್ನ ಕಡೆಯ ಬ್ರೇಕಿನ ಮೇಲೆ ಇಳಿಯಿತು. ಕಾರು ಮುಗ್ಗರಿಸಿ ನಿಧಾನವಾಯಿತು. ನೂರರ ಫಲಕ ಇನ್ನೂ ಮುಂದೆಯೇ ಇತ್ತು.

ಏನಾದರೂ ತೊಂದರೆಯೇ ಎಂದು ರೇಡಿಯೋದಲ್ಲಿ ಮ್ಯಾನೇಜರ್ ಕೇಳಿದರು. ಇಲ್ಲ ಎಂದಳು. ಅವನು ಕಾರನ್ನು ಟ್ರ್ಯಾಕಿನ ಪಕ್ಕದ ಪಿಟ್ ನಿಲ್ದಾಣಕ್ಕೆ ತಂದು ನಿಲ್ಲಿಸಿದ.

"ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ. ಸರಿಯಾಗೇ ಓಡಿಸ್ತಿದ್ರಿ."

"ಮತ್ತೆ ಯಾಕೆ ಒತ್ತಿದೆ?"

ಎಂಟು ವರ್ಷ. ಸಾವಿರಾರು ಅತಿಥಿಗಳು. ಅಗತ್ಯವಿಲ್ಲದೆ ಒಂದು ಸಲವೂ ಆ ಬ್ರೇಕ್ ಮುಟ್ಟದವಳೆಂದು ಅವಳಿಗೆ ಹೆಸರಿತ್ತು. ಕಾರಣ ಹುಡುಕಿದಳು. ಸಿಕ್ಕಿದ್ದು ಒಂದೇ.

"ಭಯ ಆಯ್ತು" ಎಂದಳು ಮೆಲ್ಲಗೆ. "ನೀವಲ್ವಾ ಓಡಿಸ್ತಿದ್ದಿದ್ದು... ಅದಕ್ಕೆ."

ಅವನು ಸ್ಟೇರಿಂಗಿನಿಂದ ಕೈ ತೆಗೆದ. "ಆಸ್ಪತ್ರೆಯಲ್ಲಿ ನನಗೂ ಅಷ್ಟೇ ಆಗಿದ್ದು. ಭಯ ಅನ್ನೋಕೆ ಬಾಯಿ ಬರಲಿಲ್ಲ. ಬಿಟ್ಟುಬಿಡು ಅಂದುಬಿಟ್ಟೆ."

ಅವಳ ಕಣ್ಣು ತುಂಬಿತು. ಆದರೆ ಲಕೋಟೆ ಇನ್ನೂ ಜೇಬಿನಲ್ಲೇ ಇತ್ತು. ಇಷ್ಟು ಹೇಳಿದವನು ಅದನ್ನೇಕೆ ತೆಗೆಯುತ್ತಿಲ್ಲ? ಪಿಟ್‌ನ ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ತಡೆಯಲಾರದೆ ಕೇಳಿಯೇಬಿಟ್ಟಳು, ಅದು ನನಗೆ ತಂದಿದ್ದಾದರೆ ಈಗಲೇ ಕೊಡಿ ಎಂದು.

"ವೇಗದ ಸುತ್ತು ಬಾಕಿ ಇದೆಯಲ್ಲ" ಎಂದ. "ಮೊದಲು ಹತ್ತಿ ನೋಡ್ತೀನಿ."

ಸೀಟು ಬದಲಾಯಿತು. ಅಪಘಾತದ ನಂತರ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಹಳದಿ ಟೇಪಿನ ಒಂದು ಗೆರೆ ಬಂದಿತ್ತು. ಅತಿಥಿಯ ಪಾದ ಅದನ್ನು ದಾಟಬಾರದು. ಬೇಡವೆನಿಸಿದರೆ ಈಗಲೇ ಇಳಿಯಬಹುದು ಎಂದಳು. ಅವನು ಬಗ್ಗಿ ಗೆರೆಯನ್ನು ನೋಡಿ, ಬೆಲ್ಟನ್ನು ತಾನೇ ಎರಡು ಸಲ ಎಳೆದು ಪರೀಕ್ಷಿಸಿದ. "ದಾಟಲ್ಲ."

ಕಾರು ಹೊರಟಿತು. ಮೊದಲ ತಿರುವು, ಎರಡನೆಯದು, ಮೂರು. ಅವನ ಕಡೆ ನೋಡುವಂತಿಲ್ಲ, ಕಣ್ಣು ಹೋದಲ್ಲಿಗೇ ಕಾರು. ಆದರೆ ಎರಡು ಬ್ರೇಕುಗಳೂ ಒಂದಕ್ಕೊಂದು ಜೋಡಿಸಿರುವಂಥವು. ಅವನ ಕಾಲು ಅಲ್ಲಿ ತಾಗಿದರೂ ಸಾಕು, ಅವಳ ಅಂಗಾಲಿಗೆ ತಿಳಿಯುತ್ತದೆ.

ನೇರ ರಸ್ತೆ. ನೂರೈವತ್ತು ಕಳೆಯಿತು. 'ಈಗ ಒತ್ತುತ್ತಾರೆ...' ನೂರರ ಬಳಿ ಅವಳೇ ಬ್ರೇಕ್ ಒತ್ತಿ, ಬಿಟ್ಟು, ಕಾರನ್ನು ತಿರುವಿಗೆ ತಂದಳು. ಟೈರುಗಳ ಗೋಡೆ ಗಾಜಿನ ತುಂಬ ಹಾದುಹೋಯಿತು. ಐದು ತಿಂಗಳ ಹಿಂದೆ ಇದೇ ಜಾಗದಲ್ಲಿ ಅವಳ ಪಾದದಡಿ ಪೆಡಲ್ ತಾನಾಗಿ ಕುಸಿದಿತ್ತು.

ಈಗ ಅದು ಕದಲಲಿಲ್ಲ.

ತಿರುವು ಮುಗಿಯಿತು. ಕಾರು ನಿಂತ ಮೇಲೆ ಅವಳು ಪಕ್ಕಕ್ಕೆ ನೋಡಿದಳು. ಅವನ ಮುಖ ಬಿಳುಚಿತ್ತು. ಎರಡೂ ಕೈ ಮಂಡಿಯನ್ನು ಅದುಮಿ ಹಿಡಿದಿದ್ದವು. ಪಾದಗಳು ಸೀಟಿನಡಿಗೇ ಮಡಚಿಕೊಂಡಿದ್ದವು, ಹಳದಿ ಗೆರೆಗಿಂತ ಎಷ್ಟೋ ಹಿಂದೆ.

ಇಳಿಯುತ್ತಲೇ ಅವನು ಲಕೋಟೆ ತೆಗೆದ. ಅದರೊಳಗಿಂದ ಬಂದದ್ದು ಅವಳೇ ಅಂಚೆಗೆ ಹಾಕಿದ ಕಂಪನಿಯ ಪತ್ರ. ಎಷ್ಟು ಸಲ ಬಿಚ್ಚಿ ಮಡಚಿದ್ದನೋ, ಮಡಿಕೆಗಳು ಹರಿಯಲು ಬಂದಿದ್ದವು. ಹೆಲ್ಮೆಟ್ಟಿನ ಮೇಲೆ ಅದನ್ನಿಟ್ಟು ಸಹಿ ಹಾಕಿ, ಕೆಳಗೆ ಏನೋ ಬರೆದ.

ಹತ್ತಿ ನೋಡದೆ ಸಹಿ ಹಾಕುವವನಲ್ಲ... ಏಳು ವರ್ಷ ಸಂಸಾರ ಮಾಡಿದವಳಿಗೆ ಇದು ಹೊಳೆಯಬೇಡವೇ?

"ನಾಲ್ಕು ತಿಂಗಳು ಬೇಕಾಯ್ತಾ ರೀ ಇದಕ್ಕೆ?"

"ಲಿಫ್ಟ್ ಆಗಿದ್ರೆ ಅರ್ಧ ಗಂಟೆ ಸಾಕು. ಇಲ್ಲಿಗೆ ಮೂರು ಸಲ ಗೇಟಿನ ತನಕ ಬಂದು ವಾಪಸ್ ಹೋದೆ ಕಣೇ."

"ಒಂದು ಫೋನ್ ಮಾಡಬಹುದಿತ್ತಲ್ಲ..."

"ಮಾಡಿದ್ರೆ ಮನೆಗೆ ಬಾ ಅಂತಿದ್ದೆ. ಅದೂ ಬ್ರೇಕೇ ಅನ್ನಿಸ್ತು."

ಅವಳು ಪತ್ರ ತೆಗೆದುಕೊಂಡಳು. ಸಹಿಯ ಕೆಳಗೆ ಷರಾ ಬರೆಯುವ ಜಾಗದಲ್ಲಿ, ಲಿಫ್ಟುಗಳಿಗೆ ಬರೆಯುವ ಅದೇ ದುಂಡು ಅಕ್ಷರದಲ್ಲಿ ಮೂರು ಸಾಲುಗಳಿದ್ದವು. 'ಸ್ವತಃ ಕೂತು ನೋಡಿದ್ದೇನೆ. ಬಹಳ ಭಯವಾಯಿತು. ಮುಂದುವರಿಯಲಿ.'

ಓದುತ್ತಾ ಓದುತ್ತಾ ಅಕ್ಷರಗಳು ಮಸುಕಾದವು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮ್ಯಾನೇಜರ್ ಕೈಗೆ ಪತ್ರ ಕೊಟ್ಟು ಬಂದಾಗ ಅವನು ತನ್ನ ಹಳೇ ಕಾರಿನ ಪಕ್ಕ ನಿಂತಿದ್ದ.

"ಅಕ್ಕನ ಮನೆಗೆ ಬಿಡಲಾ?"

"ಅಕ್ಕನಿಗೆ ಫೋನ್ ಮಾಡಿ ಹೇಳಿದ್ದಾಯ್ತು. ನಮ್ಮ ಮನೆಗೆ ನಡೀರಿ."

ಅವನ ಮುಖ ಅರಳಿತು. ಆಮೇಲೆ ಸಂಕೋಚದಿಂದ ಹೇಳಿದ, "ನಾನು ನಲವತ್ತರಲ್ಲೇ ಓಡಿಸೋದು... ಗೊತ್ತಲ್ಲ?"

ಅವಳು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡು, ಎರಡೂ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಓಡಿಸಿ. ನಾನೂ ಕಾಲು ಮಡಚಿ ಕೂತಿರ್ತೀನಿ."