ಒಂದನೇ ಸರ್ವರ್ ಮಲಗಿದ ಮಧ್ಯಾಹ್ನ

"ಎಲ್ಲಾರೂ ಆ ಹುಡುಗನ್ನ ಪೊಲೀಸರಿಗೆ ಕೊಟ್ಟುಬಿಡ್ರಿ ಅಂತಾರ, ಅಕ್ಕಾರ. ನನ್ನ ಮನಸ್ಸು ಒಪ್ಪವಲ್ದು. ನೀವೊಮ್ಮೆ ಬಂದು ನೋಡ್ರಿ. ಆಮ್ಯಾಲ ನೀವಂದಂಗ ಆಗ್ಲಿ."

ರೋಣದಲ್ಲಿ ರಾಜೇಶ್ವರಿಯವರ ಪಡಸಾಲೆಯಲ್ಲಿ ಕುಳಿತು ಅಂದಾನಪ್ಪನವರು ಹೀಗೆ ಅಂದಾಗ ಅಬ್ದುಲಮಜೀದ ಚಹಾದ ಕಪ್ಪನ್ನು ಕೆಳಗಿಟ್ಟ. ಪೊಲೀಸು ಎಂಬ ಮಾತು ಬಿದ್ದರೆ ಈಗಲೂ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಗಜೇಂದ್ರಗಡದಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತನಾದವನು ಅವನು. ಲಾಠಿಯಿಂದಲೂ ಬಾಯಿ ಬಿಡದವರನ್ನು ರಾಜೇಶ್ವರಿ ಒಂದು ಮೆಲುದನಿಯ ಪ್ರಶ್ನೆಯಿಂದ ಮಾತಾಡಿಸಿದ್ದನ್ನು ಕಂಡ ದಿನದಿಂದ ಅವರ ಬೆನ್ನು ಬಿಟ್ಟಿರಲಿಲ್ಲ. ಬಹಳ ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸಿದ್ದ ಅವರನ್ನು ಊರೆಲ್ಲ ಅಕ್ಕಾರ ಎಂದೇ ಕರೆಯುತ್ತಿತ್ತು. ಬಿಡಿಸಲಾಗದ ಗಂಟು ಯಾರದೇ ಇರಲಿ, ಅದು ಕೊನೆಗೆ ಈ ಪಡಸಾಲೆಗೆ ಬರುತ್ತಿತ್ತು.

ಅಂದಾನಪ್ಪನವರು ಹೊಳೆಸಾಲು ಆರೋಗ್ಯ ಟ್ರಸ್ಟಿನ ಅಧ್ಯಕ್ಷರು. ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಲ್ಲಿ ಟ್ರಸ್ಟಿನ ದವಾಖಾನೆಗಳಿದ್ದವು. ಎಲ್ಲ ರೋಗಿಗಳ ದಾಖಲೆ ಒಂದೇ ಡೇಟಾಬೇಸಿನಲ್ಲಿ ಇರುತ್ತಿತ್ತು. ಅದನ್ನು ಎರಡು ಸರ್ವರ್‌ಗಳು ಕೂಡಿ ನಡೆಸುತ್ತಿದ್ದವು. ಒಂದು ಬಿದ್ದರೆ ಇನ್ನೊಂದು ಹೆಗಲು ಕೊಡಲಿ ಎಂದು ಹಾಗೆ ಜೋಡಿಸಿದ್ದರು. ಅಂಥ ಜೋಡಿಗೆ ಕ್ಲಸ್ಟರ್ ಎಂದು ಹೆಸರು.

"ನಿನ್ನೆ ಮಧ್ಯಾಹ್ನ ಜಕ್ಕಲಿಯ ಕಲ್ಲವ್ವನ್ನ ನರಗುಂದದಾಗ ಆಪರೇಷನ್‌ಗೆ ಮಲಗಿಸಿದ್ರು," ಅಂದಾನಪ್ಪ ಹೇಳಿದರು. "ಅಷ್ಟರಾಗ ಮೂರೂ ಊರಾಗ ಪರದೆ ಗಪ್ಪಂತ ನಿಂತುಬಿಟ್ವು. ಸ್ವಲ್ಪ ಹೊತ್ತಿನ ಮ್ಯಾಲ ಮತ್ತ ಚಾಲೂ ಆದ್ವು ಖರೇ, ಆದ್ರ ಕಲ್ಲವ್ವನ ರಕ್ತದ ಗುಂಪು ತಪ್ಪಾಗಿತ್ತು. ಡಾಕ್ಟ್ರು ಶಾಣ್ಯಾರು, ಆಪರೇಷನ್ ನಿಲ್ಲಿಸಿದ್ರು. ಇಲ್ಲಂದ್ರ ಆ ಜೀವ ಹೋಗತಿತ್ತು."

"ಪರದೆ ಯಾಕ ನಿಂತ್ವು?"

"ಇಲ್ಲಿ ರೋಣದ ದವಾಖಾನ್ಯಾಗ ಒಂದನೇ ಸರ್ವರ್ ಬಂದ್ ಬಿದ್ದಿತ್ರಿ. ಕರೆಂಟ್ ಹೋಗಿದ್ದಿಲ್ಲ, ಕೋಣಿಗೆ ಬೀಗ ಇತ್ತು. ಒಳಗಿಂದನ ಹುಕುಮ್ ಆಗಿ ಮುಚ್ಚೈತಿ ಅಂತ ಮಿಶನ್ನ ಹೇಳತೈತಿ. ಕೀಲಿ, ಪಾಸ್‌ವರ್ಡ್ ಎರಡೂ ನಮ್ಮ ಕಂಪ್ಯೂಟರ್ ಹುಡುಗ ನಿಜಾಮುದ್ದೀನನ ಹತ್ರನ ಇದ್ವು. ಮತ್ತ್ಯಾರ ಮ್ಯಾಲ ಬೊಟ್ಟು ಮಾಡೋದು?"

ರಾಜೇಶ್ವರಿ ಚಪ್ಪಲಿ ಮೆಟ್ಟಿದರು. ಮಜೀದ ಕಾರಿನ ಕೀಲಿ ತೆಗೆದುಕೊಂಡ.

ದವಾಖಾನೆಯ ಬಾಗಿಲಲ್ಲೇ ವ್ಯವಸ್ಥಾಪಕ ಅನಿಲಕುಮಾರ ಎದುರಾದ. ಚುರುಕಿನ ಮನುಷ್ಯ. ಮಾತಿನ ನಡುವೆಯೇ ಮೂವರಿಗೂ ಖುರ್ಚಿ ತರಿಸಿದ. "ಅಂಥಾ ದೊಡ್ಡ ಮಿಶನ್ ದಪ್ಪಂತ ಬಿದ್ರ ದಾಖಲೆ ಕಲಸಿಹೋಗದ ಇರತಾವೇನ್ರಿ? ಆಪರೇಷನ್ ನಡದಾಗ ಆ ಆಟಾ ಆಡಬಾರದಿತ್ತು ಆತ."

ಆ 'ಆತ' ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ರಾಜೇಶ್ವರಿ ಹೋಗಿ ಅವನ ಪಕ್ಕದಲ್ಲೇ ಕುಳಿತರು.

"ನೀ ಏನ್ ಹೇಳ್ತಿಯಪಾ, ನಿಜಾಮುದ್ದೀನ?"

"ನಿನ್ನೆನ ಹೇಳೀನ್ರಿ, ಅಕ್ಕಾರ. ಸರ್ವರ್‌ನ್ಯಾಗ ಒಂದು ಕಾವಲು ಪ್ರೋಸೆಸ್, ಅಂದ್ರ ತನ್ನಷ್ಟಕ್ಕ ತಾನ ನಡಿಯೋ ಸಣ್ಣ ಪ್ರೋಗ್ರಾಂ, ಇರತೈತಿ. ಅದ ಮುಚ್ಚೈತಿ. ಆದ್ರ ಯಾಕ ಮುಚ್ಚಿತು ಅಂದ್ರ ನನ್ನ ಹತ್ರ ಉತ್ತರ ಇದ್ದಿಲ್ಲ. ನೋಡಾಕ ಒಳಗೂ ಬಿಡಲಿಲ್ಲ. ಮಿಶನ್ ತನ್ನ ಕುತ್ತಿಗಿ ತಾನ ಹಿಚುಕಿಕೊಂತಂತ ಅಂತ ಅನಿಲಕುಮಾರ ಸಾಹೇಬ್ರು ನಕ್ಕರ್ರಿ." ಅವನ ಕಣ್ಣು ತುಂಬಿದವು. "ಆ ಹೊತ್ತಿನ್ಯಾಗ ನಾ ಬೇವಿನ ಗಿಡದ ಬುಡಕ ಬುತ್ತಿ ಉಣ್ಣಾಕ ಹತ್ತಿದ್ದೆ. ಕಂಡವರು ಯಾರೂ ಇಲ್ರಿ."

ರಾಜೇಶ್ವರಿ ನಗಲಿಲ್ಲ. "ಎರಡೂ ಸರ್ವರ್ ಒಂದ ಕೋಣ್ಯಾಗ ಅದಾವೇನು?"

"ಇಲ್ರಿ. ಒಂದನೇದು ಇಲ್ಲೆ, ಎರಡನೇದು ಹೊಸ ಕಟ್ಟಡದಾಗ. ನಡುವ ಖಾಸಾ ತಂತಿ ಎಳದೀವಿ, ಅವೆರಡ ಮಾತಾಡ್ಕೊಳ್ಳಾಕ. ಚಾದರಾ ಇಡೋ ಕೋಣ್ಯಾಗ ಆ ತಂತಿ ಬಂದು ಕೂಡೋದೊಂದು ಡಬ್ಬಿ ಐತ್ರಿ."

ಚಾದರದ ಕೋಣೆಯ ಕೀಲಿಯನ್ನು ಅನಿಲಕುಮಾರನೇ ತನ್ನ ಖುರ್ಚಿಯ ಹಿಂದಿನ ಮೊಳೆಯಿಂದ ತೆಗೆದುಕೊಟ್ಟ. "ಬೆಳಿಗ್ಗೆ ಚಾದರಾ ತಗದುಕೊಟ್ಟಮ್ಯಾಲ ಸಂಜಿತನಕ ಈ ಬೀಗ ತಗಿಯೋದಿಲ್ರಿ. ಕೀಲಿ ನನ್ನ ಬೆನ್ನ ಹಿಂದನ ಇರತೈತಿ. ಅಲ್ಲೇನ್ ನೋಡ್ತೀರಿ, ಬರೇ ಧೂಳು."

ಡಬ್ಬಿ ಗೋಡೆಯ ಮೇಲೆ ಎತ್ತರದಲ್ಲಿತ್ತು. ಮಜೀದ ಸ್ಟೂಲು ಹತ್ತಿ ಇಣುಕಿದ. ಸಾಲಾಗಿ ತೂತುಗಳು. ತಂತಿಗಳಿಗೂ ಅವು ಕೂರಬೇಕಾದ ತೂತುಗಳಿಗೂ ಯಾರೋ ಬಣ್ಣದ ಪಟ್ಟಿ ಅಂಟಿಸಿದ್ದರು.

"ಅಕ್ಕಾರ, ಹಸರ ಪಟ್ಟಿ ತೂತು ಖಾಲಿ ಐತ್ರಿ. ಹಸರ ತಂತಿ ಬಾಜೂದ ತೂತಿನ್ಯಾಗ ಕುಂತೈತಿ. ಅದಕ್ಕ ಪಟ್ಟೀನ ಇಲ್ಲ."

"ಮುಟ್ಟಬ್ಯಾಡ್ರಿ, ಮಜೀದಸಾಬ್ರ," ಎಂದರು ರಾಜೇಶ್ವರಿ. ಆ ದನಿ ಮಜೀದನಿಗೆ ಗೊತ್ತು. ಗಂಟಿನ ತುದಿ ಕೈಗೆ ಸಿಕ್ಕಾಗ ಮಾತ್ರ ಅವರು ಅಷ್ಟು ಸಣ್ಣಗೆ ಮಾತಾಡುತ್ತಿದ್ದರು.

ನಿಜಾಮುದ್ದೀನನನ್ನು ಕರೆಸಿ ಕೇಳಿದರೆ, ಪಟ್ಟಿ ಅಂಟಿಸಿದವನು ತಾನೇ ಎಂದ. ಹಸಿರು ತಂತಿ ಒಂದನೇ ಸರ್ವರಿನದು. ಯಾವ ತೂತಿಗೆ ಹಚ್ಚಿದರೂ ಅದು ಕೆಲಸ ಮಾಡುತ್ತದೆ. "ಆದ್ರ ನಾ ಹಂಗ ಹಚ್ಚಂಗಿಲ್ರಿ," ಎಂದು ಅವನು ಸ್ವಲ್ಪ ನೊಂದೇ ಹೇಳಿದ.

ಅಲ್ಲಿಂದ ರಾಜೇಶ್ವರಿ, ಮಜೀದ ಇಬ್ಬರೂ ನರಗುಂದದ ದಾರಿ ಹಿಡಿದರು. ಎರಡೂ ಬದಿ ಕರಿನೆಲ, ಕಡಲೆಯ ಹಸಿರು.

ಕಲ್ಲವ್ವನ ಆಪರೇಷನ್ ನಿಲ್ಲಿಸಿದ್ದ ಡಾಕ್ಟರ್ ಉಮಾಶ್ರೀ ವಾರ್ಡಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಸರಿಯಾದ ರಕ್ತ ತರಿಸಿ ಅಂದು ಬೆಳಿಗ್ಗೆಯೇ ಆಪರೇಷನ್ ಮುಗಿಸಿದ್ದರು.

"ಪರದೆ ಏನರ ಹೇಳ್ಲಿ, ರಕ್ತಾ ಕೊಡೋಕಿಂತ ಮೊದ್ಲ ಮ್ಯಾಚ್ ಮಾಡಿ ನೋಡೋದು ನಮ್ಮ ರೂಢಿ. ನಿನ್ನೆ ಮ್ಯಾಚ್ ಆಗಲಿಲ್ಲ. ಕೂಡಲೇ ರೋಣದ ಆಫೀಸಿಗೆ ಫೋನ್ ಹಚ್ಚಿ, ಈಕಿ ಗುಂಪು ಯಾಕ ಹಿಂಗ ತೋರಸ್ತೈತಿ ಅಂತ ಕೇಳಿದೆ. ಯಾರೋ ಗಂಡಸರು, 'ನೋಡ್ತೀನಿ, ತಡೀರಿ' ಅಂದ್ರು. ಗಡಿಬಿಡ್ಯಾಗ ಹೆಸರು ಕೇಳಲಿಲ್ಲ."

"ಡಾಕ್ಟ್ರ, ಫೋನ್ ಮಾಡುವಾಗ ಪರದೆ ನಿಂತಿತ್ತೋ, ನಡದಿತ್ತೋ?"

"ನಡದಿತ್ತಲ್ರಿ. ಅದನ್ನ ಓದಿಕೋತನ ಮಾತಾಡಿದೆ. ಫೋನ್ ಇಟ್ಟು ಸ್ವಲ್ಪ ಹೊತ್ತಿಗೆ ನಿಂತಿತು."

ರಾಜೇಶ್ವರಿ ಎದ್ದು ನಿಂತರು. "ಮಜೀದಸಾಬ್ರ, ನಡ್ರಿ. ಡಾಕ್ಟ್ರ, ನೀವೂ ಬರ್ರಿ."

ಸಂಜೆಯ ಹೊತ್ತಿಗೆ ಎಲ್ಲರೂ ರೋಣದ ಆಫೀಸಿನಲ್ಲಿ ಕೂಡಿದರು. ಅಂದಾನಪ್ಪನವರ ಎದುರು ಅನಿಲಕುಮಾರ, ಅವನ ಪಕ್ಕ ಉಮಾಶ್ರೀ. ಬಾಗಿಲ ಬಳಿ ನಿಂತಿದ್ದ ನಿಜಾಮುದ್ದೀನನನ್ನು ಒಳಗೆ ಕರೆದು ಕೂರಿಸಿದ ಮೇಲೆಯೇ ರಾಜೇಶ್ವರಿ ಮಾತು ತೆಗೆದರು.

"ಮೊದ್ಲ ಸರ್ವರ್ ಮುಚ್ಚಿದವರು ಯಾರು ಅಂತ ಹೇಳ್ತೀನಿ. ನಿಜಾಮುದ್ದೀನ ಹೇಳಿದ್ದು ಖರೇ. ಅದು ತನ್ನನ್ನ ತಾನ ಮುಚ್ಚಿಕೊಂಡೈತಿ."

ಅನಿಲಕುಮಾರ ನಗಲು ಹೋದ. ಅಂದಾನಪ್ಪ ಕೈಯೆತ್ತಿ ತಡೆದರು.

"ನಾವು ಪರದೆ ಅಷ್ಟ ನೋಡ್ತೀವಿ. ಹಿಂದ ಕೆಲಸಗಾರ ಪ್ರೋಸೆಸ್‌ಗಳ ಒಂದು ದಂಡ ಇರತೈತಿ. ಅವು ಯಾರ ಕಣ್ಣಿಗೂ ಬೀಳಂಗಿಲ್ಲ, ನಿದ್ದಿ ಮಾಡಂಗಿಲ್ಲ. ಒಂದರ ಕೆಲಸ ಅಂದ್ರ ಆ ಕಡಿ ಸರ್ವರಿಗೆ 'ಅದೀನಿ, ಅದೀನಿ' ಅಂತ ಹೇಳಿಕೋತ ಇರೋದು. ಅಲ್ಲಿಂದ ಅದ ಮಾತು ತಿರುಗಿ ಬರತೈತೋ ಇಲ್ಲೋ ಅಂತ ಕೇಳೋದು ಇನ್ನೊಂದರ ಕೆಲಸ."

"ಬಜಾರದಾಗ ಗಸ್ತು ತಿರುಗುವಾಗ ನಾವು ಸೀಟಿ ಊದಿದಂಗ," ಮಜೀದನ ಬಾಯಿಂದ ಮಾತು ಜಾರಿತು.

"ಹಂಗ ರೀ. ಸೀಟಿ ಕೇಳದಿದ್ರ ಸತ್ತವರು ಯಾರು, ಇದ್ದವರು ಯಾರು ಇಬ್ಬರಿಗೂ ತಿಳಿಯಂಗಿಲ್ಲ. ಇಬ್ಬರೂ ಉಳದು ಒಬ್ಬರಿಗೊಬ್ಬರು ಹೇಳದ ಒಂದ ದಾಖಲೆ ಮ್ಯಾಲ ಬರದ್ರ ಅನರ್ಥ. ಅದಕ್ಕ ಗಜೇಂದ್ರಗಡದ ದವಾಖಾನ್ಯಾಗ ಒಂದು ಸಾಕ್ಷಿ ಡಿಸ್ಕ್ ಇಟ್ಟಾರ. ಮೊದ್ಲ ಅದನ್ನ ಮುಟ್ಟಿದವರು ಉಳೀಬೇಕು. ನಿನ್ನೆ ಎರಡನೇ ಸರ್ವರ್ ಮೊದ್ಲ ಮುಟ್ಟಿತು. ಆಗ ಒಂದನೇದರ ಕಾವಲು ಪ್ರೋಸೆಸ್ ಏನ್ ಮಾಡಿತು? ದಾಖಲೆ ಕೆಡಬಾರದು ಅಂತ ತನ್ನ ಮನೀನ ತಾನ ಮುಚ್ಚಿತು. ಒಳಗಿಂದ ಆದ ಹುಕುಮ್ ಅಂದ್ರ ಅದ. ಅಪರಾಧ ಅಲ್ಲ ಅದು, ನಿಷ್ಠಿ."

ಮಜೀದ ತಲೆದೂಗಿದ. ಬೀಗ ಹಾಕಿದ ಕೋಣೆಯ ಒಗಟನ್ನು ಅವರು ಬೀಗ ಮುಟ್ಟದೆಯೇ ಬಿಚ್ಚಿಟ್ಟಿದ್ದರು.

"ಹಂಗಾರ ಸೀಟಿ ಯಾಕ ಕೇಳಲಿಲ್ಲ?" ಅಂದಾನಪ್ಪ ಕೇಳಿದರು.

"ಚಾದರದ ಕೋಣ್ಯಾಗ ಹಸರ ತಂತಿ ಕಿತ್ತು, ಆಮ್ಯಾಲ ಗಡಿಬಿಡ್ಯಾಗ ತಿರುಗಿ ಹಚ್ಚ್ಯಾರ. ಆದ್ರ ತನ್ನ ತೂತಿಗಲ್ಲ, ಬಾಜೂದಕ್ಕ. ಪಟ್ಟಿ ಅಂಟಿಸಿದಾವ ಆ ತಪ್ಪು ಮಾಡಂಗಿಲ್ಲ. ಆ ಕೋಣಿ ಕೀಲಿ ಮಧ್ಯಾಹ್ನ ಎಲ್ಲಿತ್ತು ಅಂತ ಅನಿಲಕುಮಾರ ಅವರ ನಮಗ ಹೇಳ್ಯಾರ."

"ಕೀಲಿ ಮೊಳಿಗೆ ಇತ್ತು, ಯಾರರ ತಗೊಂಡಿರಬೇಕು!" ಅನಿಲಕುಮಾರನ ದನಿ ಏರಿತು. "ನಂಗ್ಯಾಕ ಬೇಕಾಗಿತ್ತು ಅದು?"

"ಅದನ್ನ ಡಾಕ್ಟ್ರ ಫೋನ್ ಹೇಳಿತು. ಮಿಶನ್ ಬಿದ್ದು ದಾಖಲೆ ಕಲಸಿಹೋತು ಅಂದ್ರಿ ನೀವು. ಡಾಕ್ಟ್ರು ತಪ್ಪು ಗುಂಪು ಓದಿ ಫೋನ್ ಮಾಡಿದಾಗ ಮಿಶನ್ ಇನ್ನೂ ಬಿದ್ದಿದ್ದಿಲ್ಲ. ಮಿಶನ್ ಬಿದ್ದು ತಪ್ಪಾಗಲಿಲ್ಲ, ತಪ್ಪಾಗಿದ್ದಕ್ಕ ಮಿಶನ್ ಬಿತ್ತು."

ರಾಜೇಶ್ವರಿ ತಮ್ಮ ಖುರ್ಚಿಯನ್ನು ಅನಿಲಕುಮಾರನ ಕಡೆ ತಿರುಗಿಸಿಕೊಂಡರು.

"ಇಲ್ಲಿಗೆ ಬಂದ ಕೂಡಲೇ ಡಾಕ್ಟ್ರ ಕಡಿಂದ ದಾಖಲೆ ತಗಸಿ ನೋಡಿದೆ. ಜಕ್ಕಲಿಗೆ ಒಬ್ಬಾಕಿ ಕಲ್ಲವ್ವ, ಕೊಣ್ಣೂರಿಗೆ ಒಬ್ಬಾಕಿ. ನಿನ್ನೆ ಬೆಳಿಗ್ಗೆ ಯಾರೋ ಒಬ್ಬಾಕೀನ ಅಂತ ತಿಳದು ಇಬ್ಬರ ದಾಖಲೆ ಕೂಡಿಸಿಬಿಟ್ಟಾರ, ಕೊಣ್ಣೂರಾಕಿ ರಕ್ತದ ಗುಂಪು ಈಕಿ ಹೆಸರಿಗೆ ಕುಂತೈತಿ. ಫೋನ್ ಬಂದಾಗ ಎದಿ ಒಡೀತು. ಮಿಶನ್ ಕೆಡವಿದ್ರ ಆಗಷ್ಟ ಮಾಡಿದ್ದು ಅಳಿಸಿಹೋಗತೈತಿ ಅಂದ್ಕೊಂಡ್ರು. ಅಳಿಸಲಿಲ್ಲ. ನಾವು ಏನರ ಒತ್ತಿದ ಕೂಡಲೇ ಅದನ್ನ ಎರಡೂ ಸರ್ವರಿಗೆ ಕೂಡಿ ಇರೋ ಡಿಸ್ಕಿನ್ಯಾಗ ಬರದಿಡಾಕ ಒಂದು ಪ್ರೋಸೆಸ್ ಐತಿ. ಬಿದ್ದವನ ಕೆಲಸ ಎಲ್ಲಿಗೆ ನಿಂತಿತ್ತು ಅಂತ ನೋಡಿ ಪೂರೈಸಾಕ ಎರಡನೇ ಸರ್ವರ್‌ನ್ಯಾಗ ಮತ್ತೊಂದು ಐತಿ. ಪರದೆ ನಿಂತದ್ದು ಅದು ಆ ಕೆಲಸ ಮಾಡುವಾಗ. ನಿಮ್ಮ ತಪ್ಪನ್ನೂ ಅದು ಜ್ವಾಪಾನ ಮಾಡಿ ಉಳಿಸೈತಿ, ಅನಿಲಕುಮಾರ."

ಅನಿಲಕುಮಾರನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. "ತಂತಿ ಕಿತ್ರ ಒಂದು ಮಲಗತೈತಿ ಅಂತ ಡಬ್ಬಿ ಕೂಡಿಸುವಾಗ ಇವನ ಹೇಳಿದ್ದ," ಎಂದ, ನಿಜಾಮುದ್ದೀನನತ್ತ ನೋಡಲಾರದೆ. "ತಪಾಸಣಿಯವರು ಬರೋದಿತ್ತು. ಒಂದ ಹೆಸರು ಎರಡೆರಡು ಸಲ ಇದ್ವು, ಸ್ವಚ್ಛ ಮಾಡಾಕ ಹೋದೆ. ಆಕಿಗೆ ಏನೂ ಆಗಬಾರದು ಅಂತನ ತಂತಿ ಕಿತ್ತೆ ರೀ. ಖರೇನ."

"ಡಾಕ್ಟ್ರು ಫೋನಿನ ಆ ಕಡೆನ ಇದ್ರು," ರಾಜೇಶ್ವರಿ ಹೇಳಿದರು. "'ರಕ್ತಾ ಕೊಡಬ್ಯಾಡ್ರಿ' ಅಂದಿದ್ರ ಸಾಕಿತ್ತು."

ಅನಿಲಕುಮಾರ ಮುಖ ಮುಚ್ಚಿಕೊಂಡ. ಅಂದಾನಪ್ಪನವರು ಎದ್ದು ನಿಜಾಮುದ್ದೀನನ ಎರಡೂ ಕೈ ಹಿಡಿದರು. ನಿಜಾಮುದ್ದೀನ ಅವರ ಅಪ್ಪಣೆಗೂ ಕಾಯದೆ ಕಂಪ್ಯೂಟರಿನ ಮುಂದೆ ಕುಳಿತು ಇಬ್ಬರು ಕಲ್ಲವ್ವರ ದಾಖಲೆ ಬೇರೆ ಮಾಡಿದ. ಆಮೇಲೆ ಕೋಣೆಯ ಬೀಗ ತೆಗೆದು ಒಂದನೇ ಸರ್ವರನ್ನು ಎಬ್ಬಿಸಿದ. ಅದು ಗೊಣಗುಟ್ಟಿ ಎದ್ದು, ಹೊಸ ಕಟ್ಟಡದ ಜೊತೆಗಾರನನ್ನು ಕೂಡಿಕೊಂಡಿತು.

ಮರುದಿನ ಅನಿಲಕುಮಾರ ಕೆಲಸ ಬಿಟ್ಟ. ಬಿಡುವ ಮೊದಲು, ಕಲ್ಲವ್ವನ ಮುಂದೆ ತಾನೇ ಹೇಳಬೇಕು ಎಂದ. ಮಜೀದ ಅವನನ್ನೂ ರಾಜೇಶ್ವರಿಯವರನ್ನೂ ನರಗುಂದಕ್ಕೆ ಕರೆದೊಯ್ದ.

ದಿಂಬಿಗೆ ಒರಗಿದ್ದ ಕಲ್ಲವ್ವ ಎಲ್ಲವನ್ನೂ ಕೇಳಿದಳು. ಸಿಟ್ಟು ಮಾಡಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅನಿಲಕುಮಾರನನ್ನು ದಾಟಿ ರಾಜೇಶ್ವರಿಯವರ ಕಡೆ ತಿರುಗಿದಳು.

"ಕೊಣ್ಣೂರಾಗ ನನ್ನ ಹೆಸರಿನಾಕಿ ಅದಾಳಂದ್ರೆಲ್ಲ, ಅಕ್ಕಾರ. ಆಕಿ ಆರಾಮ ಅದಾಳಿಲ್ಲೋ?"

"ಆರಾಮ ಅದಾಳವಾ. ರಾತ್ರಿನ ಫೋನ್ ಮಾಡಿದ್ದೆ," ಎಂದರು ರಾಜೇಶ್ವರಿ. "ಆಕೀನೂ ಮೊದ್ಲ ನಿನ್ನನ್ನ ಕೇಳಿದ್ಲು."